ಬೋರ್ ಹೊಡೆಸೋ ಮೊದಲು ಹವಾ ಹುಡುಕ್ರಿ

1/9

ನಿಮ್ಮ ಮನೆಯಾಗ ಹಳೇ ಟೂ-ಸ್ಟ್ರೋಕ್ ಗಾಡಿ ಇದ್ರೆ ಸ್ವಲ್ಪ ನೆನಪು ಮಾಡ್ಕೊಳ್ರಿ. ರೇಸ್ ಪೂರ್ತಿ ಬಿಟ್ಟ ಮೇಲೂ ಎಂಜಿನ್ ಎರಡು-ಮೂರು ಸೆಕೆಂಡ್ ಮೇಲೇ ಕೂಗ್ತಾ ನಿಲ್ತದಾ? ಬೆಳಿಗ್ಗೆ ಸರಿ ಕೂರಿಸಿದ ಸ್ಲೋ, ಮಧ್ಯಾಹ್ನ ಗಾಡಿ ಬಿಸಿ ಆದಾಗ ಕೆಟ್ಟು ಹೋಗ್ತದಾ? ನಿಂತಲ್ಲೇ ಒಮ್ಮೊಮ್ಮೆ ತಾನಾಗೇ ರೇಸ್ ಏರ್ತದಾ?

ಹೌದು ಅಂದ್ರೆ ಈ ಸರಣಿ ನಿಮಗೇ. ಒಂಬತ್ತು ಪೋಸ್ಟ್ ಅದಾವ, ಸೇವ್ ಮಾಡಿ ಇಟ್ಕೊಳ್ರಿ.

ಇಂಥ ಗಾಡಿ ಓಡಿಸೋರು ಮೊದಮೊದಲು ಖುಷಿಯಾಗೇ ಇರ್ತಾರೆ. "ಪಿಕಪ್ ಮೊದಲಿಗಿಂತ ಚಲೋ ಆಗೇತಿ" ಅಂತಾರೆ. ಅದು ಸುಳ್ಳಲ್ಲ. ಪೆಟ್ರೋಲ್ ಕಡಿಮೆಯಾಗಿ ಹವಾ ಹೆಚ್ಚಾದ ಟೂ-ಸ್ಟ್ರೋಕ್ ಎಂಜಿನ್ ಸ್ವಲ್ಪ ದಿನ ಭಾಳ ಚುರುಕಾಗಿ ಓಡ್ತದೆ. ಆರೋ ದೀಪ ಜೋರಾಗಿ ಉರಿಯೋ ಹಾಗೆ. ಆಮೇಲೆ ಒಂದು ದಿನ ಐವತ್ತರ ಸ್ಪೀಡಿನಲ್ಲಿ ಹಿಂದಿನ ಗಾಲಿ ಕಚ್ಚಿ ಹಿಡೀತದೆ. ಪಿಸ್ಟನ್ ಜಾಮ್. ಗ್ಯಾರೇಜಿಗೆ ತಳ್ಳಿಕೊಂಡು ಹೋಗ್ತೀರಿ, ಬೋರ್ ಹೊಡೆಸ್ತೀರಿ, ಹೊಸ ಪಿಸ್ಟನ್ ಹಾಕಿಸ್ತೀರಿ, ರೊಕ್ಕ ಕೊಟ್ಟು ಬರ್ತೀರಿ. ಆರು ತಿಂಗಳಿಗೆ ಮತ್ತೆ ಅದೇ ಕಥೆ.

ಯಾಕಂದ್ರೆ ಪಿಸ್ಟನ್ ಬದಲಾಯ್ತು, ಕಾರಣ ಹಾಗೇ ಉಳೀತು. ಎಲ್ಲೋ ಒಂದು ಸಣ್ಣ ಸಂದಿಯಿಂದ ಎಂಜಿನ್ ಕಳ್ಳ ಹವಾ ಎಳೀತಿತ್ತು. ಅದು ಇನ್ನೂ ಎಳೀತಾನೇ ಇದೆ.

ಹೊಸಬರಿಗೆ ಪರಿಚಯ: ನಾನು ಡಿಪ್ಲೊಮಾ ಮೆಕ್ಯಾನಿಕಲ್ ಕೊನೆಯ ವರ್ಷ. ಸಂಜೆ ಹೊತ್ತು ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡ್ಕೊಳ್ಳೋದು ಚಟ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯಿಂದ ಮೆಸೇಜ್ ಮಾಡೋರಲ್ಲಿ ಭಾಳ ಮಂದಿ ಕೇಳೋದು ಇದೇ ಪ್ರಶ್ನೆ. ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಬರೆಯೋ ಬದಲು ಎಲ್ಲಾ ಒಂದೇ ಕಡೆ ಬರೀತಾ ಇದೀನಿ.

2/9

ಮೊದಲು ಈ ಎಂಜಿನ್ ಹೆಂಗೆ ಉಸಿರಾಡ್ತದೆ ನೋಡೋಣ. ಇದು ಗೊತ್ತಾದ್ರೆ ಮುಂದಿನದೆಲ್ಲ ಸಲೀಸು.

ಫೋರ್-ಸ್ಟ್ರೋಕ್ ಗಾಡಿಯಲ್ಲಿ ಕೆಳಗಿನ ಚೇಂಬರಿನಲ್ಲಿ ಎಂಜಿನ್ ಆಯಿಲ್ ಇರ್ತದೆ. ಟೂ-ಸ್ಟ್ರೋಕಿನಲ್ಲಿ ಕ್ರ್ಯಾಂಕ್ ತಿರುಗೋ ಚೇಂಬರಿನೊಳಗೆ ಆಯಿಲ್ ತುಂಬಿರೋದಿಲ್ಲ. ಅದು ಒಂದು ಪಂಪ್. ಪಿಸ್ಟನ್ ಮೇಲೆ ಹೋದಾಗ ಚೇಂಬರ್ ಕಾರ್ಬ್ರೇಟರ್ ಮೂಲಕ ಹವಾ, ಪೆಟ್ರೋಲ್, ಟೂ-ಟಿ ಆಯಿಲ್ ಮೂರನ್ನೂ ಒಳಗೆ ಎಳೀತದೆ. ಪಿಸ್ಟನ್ ಕೆಳಗೆ ಬಂದಾಗ ಅದೇ ಮಾಲನ್ನ ಒತ್ತಿ, ಬ್ಲಾಕಿನ ಪಕ್ಕದ ದಾರಿಗಳಿಂದ ಮೇಲಕ್ಕೆ ಕಳಿಸ್ತದೆ.

ಬಣ್ಣದಾಟದ ಪಿಚಕಾರಿ ನೆನಪು ಮಾಡ್ಕೊಳ್ರಿ. ಪಿಚಕಾರಿ ಕೊಳವೆಗೆ ಸೂಜಿ ತೂತು ಬಿದ್ರೆ ಏನಾಗ್ತದೆ? ಹಿಡಿ ಎಳೆದಾಗ ಬಣ್ಣದ ನೀರಿನ ಬದಲು ಹವಾ ಬರ್ತದೆ, ನೀರು ಅರ್ಧನೇ ತುಂಬ್ತದೆ. ಎಂಜಿನಿಗೂ ಅಷ್ಟೇ ಲೆಕ್ಕ. ಚೇಂಬರಿಗೆ ಬೇರೆ ಸಂದಿಯಿಂದ ಹವಾ ಸಿಕ್ರೆ ಕಾರ್ಬ್ರೇಟರ್ ಮೇಲಿನ ಎಳೆತ ಕಡಿಮೆ ಆಗ್ತದೆ. ಪೆಟ್ರೋಲೂ ಕಡಿಮೆ, ಆಯಿಲೂ ಕಡಿಮೆ.

ನಮ್ಮ ಕಡೆ ಈ ಜಾತಿಯ ಎಂಜಿನ್ ಎಲ್ಲೆಲ್ಲಿ ಅದಾವ ಅಂದ್ರೆ: ಆರ್‌ಎಕ್ಸ್ 100, ಹಳೇ ಯೆಜ್ಡಿ, ಹಳೇ ಟಿವಿಎಸ್ ಮೊಪೆಡ್, ಲೂನಾ, ತೋಟದಾಗ ಓಡೋ ಹಳೇ ಪೆಟ್ರೋಲ್ ಸ್ಪ್ರೇ ಪಂಪ್, ಹುಲ್ಲು ಕತ್ತರಿಸೋ ಮಷಿನ್, ಮರ ಕೊಯ್ಯೋ ಮಷಿನ್. ಹೊರದೇಶದಲ್ಲಿ ನಾಲ್ಕು ಗಾಲಿಯ ಎಟಿವಿಗಳಲ್ಲೂ ಇದೇ ಇತ್ತು. ಯಮಹಾ ಬ್ಯಾನ್ಶೀ ಅಂತ ಒಂದಿತ್ತು, ಎರಡು ಸಿಲಿಂಡರ್, 347 ಸಿಸಿ, ಅಮೆರಿಕದಲ್ಲಿ 1987ರಿಂದ 2006ರವರೆಗೆ ಮಾರಾಟವಾಯ್ತು. ಮರಳ ದಿಬ್ಬದ ಮೇಲೆ ಅದನ್ನ ಓಡಿಸೋ ಹುಡುಗರು ಎಂಜಿನ್ ಕಟ್ಟಿದ ಮೇಲೆ ಮೊದಲು ಮಾಡೋ ಕೆಲಸ ಅಂದ್ರೆ ಹವಾ ತುಂಬಿ ಲೀಕ್ ನೋಡೋದು. ನಮ್ಮ ಕಡೆ ಅದೊಂದು ಬಿಟ್ಟು ಬೇರೆಲ್ಲಾ ಮಾಡ್ತಾರೆ.

3/9

ಇವತ್ತು ಸ್ವಲ್ಪ ಲೆಕ್ಕ. ಬೇಜಾರಾಗಬ್ಯಾಡ್ರಿ, ಪರೀಕ್ಷೆಗೂ ಬರ್ತದೆ.

1 ಗ್ರಾಂ ಪೆಟ್ರೋಲ್ ಪೂರ್ತಿ ಸುಡೋಕೆ ಸುಮಾರು 14.7 ಗ್ರಾಂ ಹವಾ ಬೇಕು. ಹವಾ ಇದಕ್ಕಿಂತ ಹೆಚ್ಚಾದ್ರೆ "ಲೀನ್" ಅಂತೀವಿ. ಜೋರಾಗಿ ಎಳೆಯೋವಾಗ ಎಂಜಿನಿಗೆ ಇದಕ್ಕಿಂತ ಜಾಸ್ತಿ ಪೆಟ್ರೋಲೇ ಬೇಕು, ಯಾಕಂದ್ರೆ ಆ ಹೆಚ್ಚಿನ ಪೆಟ್ರೋಲ್ ಪಿಸ್ಟನ್ನಿನ ಶಾಖ ಹೀರಿಕೊಳ್ತದೆ. ಟೂ-ಸ್ಟ್ರೋಕಿನಲ್ಲಿ ಕ್ರ್ಯಾಂಕಿನ ಬೇರಿಂಗಿಗೆ, ಬ್ಲಾಕಿನ ಗೋಡೆಗೆ ಹೋಗೋ ಆಯಿಲೂ ಇದೇ ದಾರಿಯಲ್ಲಿ ಬರಬೇಕು. ದಾರಿಯಲ್ಲಿ ಮಾಲು ಕಡಿಮೆಯಾದ್ರೆ ಶಾಖ ಏರ್ತದೆ, ನುಣುಪು ಇಳೀತದೆ. ಎರಡೂ ಒಟ್ಟಿಗೆ.

ಪಿಸ್ಟನ್ ಅಲ್ಯೂಮಿನಿಯಂ, ಅದು ಓಡೋ ಗೋಡೆ ಎರಕದ ಕಬ್ಬಿಣ. ಅಷ್ಟೇ ಬಿಸಿಗೆ ಅಲ್ಯೂಮಿನಿಯಂ ಸುಮಾರು ಎರಡು ಪಟ್ಟು ಹಿಗ್ತದೆ. ಇವೆರಡರ ನಡುವಿನ ಜಾಗ ತಲೆಕೂದಲ ದಪ್ಪಕ್ಕಿಂತ ಕಡಿಮೆ. ಆ ಜಾಗ ಮುಗಿದ ಕ್ಷಣಕ್ಕೆ ಪಿಸ್ಟನ್ ಗೋಡೆಗೆ ಮೆತ್ತಿಕೊಳ್ತದೆ. ಇದೇ ಜಾಮ್.

ಇನ್ನೊಂದು ಸಂಗತಿ ಯಾರೂ ಹೇಳಲ್ಲ. ಸಂದಿಯಿಂದ ಬರೋ ಹವಾ ಏರ್ ಫಿಲ್ಟರ್ ದಾಟಿ ಬಂದದ್ದಲ್ಲ. ಕಬ್ಬಿನ ಸೀಸನ್‌ನಲ್ಲಿ ಟ್ರ್ಯಾಕ್ಟರ್ ಹಿಂದೆ ಗಾಡಿ ಓಡಿಸಿದವರಿಗೆ ನಮ್ಮ ರಸ್ತೆಯ ಧೂಳು ಗೊತ್ತಲ್ಲ? ಅದು ನೇರ ಬೇರಿಂಗಿಗೆ ಹೋಗ್ತದೆ.

ಈಗ ಮುಖ್ಯ ಲೆಕ್ಕ. ಆರ್‌ಎಕ್ಸ್ 100ರ ಬ್ಲಾಕ್ ಅಗಲ 50 ಮಿಲಿಮೀಟರ್, ಪಿಸ್ಟನ್ ಓಡಾಟವೂ 50 ಮಿಲಿಮೀಟರ್. ಗುಣಿಸಿ ನೋಡ್ರಿ, 98 ಸಿಸಿ ಬರ್ತದೆ. ಪ್ರತಿ ಸಲ ಬೋರ್ ಹೊಡೆದಾಗ ಬ್ಲಾಕ್ ಅಗಲ ಆಗ್ತದೆ, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಬೇಕು. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗೋ ಅಳತೆ ನಾಲ್ಕು: 0.25, 0.50, 0.75, 1.00. ನಾಲ್ಕೇ ಮೆಟ್ಟಿಲು. ಅದು ಮುಗಿದ್ರೆ ಹೊಸ ಸ್ಲೀವ್ ಕೂರಿಸಬೇಕು, ಇಲ್ಲಾ ಬೇರೆ ಬ್ಲಾಕ್ ಹುಡುಕಬೇಕು. ಈ ಗಾಡಿ ನಮ್ಮ ದೇಶದಲ್ಲಿ ತಯಾರಾಗಿದ್ದು 1985ರಿಂದ 1996ರವರೆಗೆ. ಯೆಜ್ಡಿ ಮಾಡ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದೂ 1996ರಲ್ಲೇ. ಅಂದ್ರೆ ನಮ್ಮ ಕ್ಲಾಸಿನವರು ಯಾರೂ ಹುಟ್ಟೋ ಮೊದಲೇ ಈ ಬ್ಲಾಕುಗಳ ಕಥೆ ಮುಗಿದಿತ್ತು. ಇರೋದನ್ನ ಉಳಿಸ್ಕೊಳ್ಳೋದಷ್ಟೇ ನಮ್ಮ ಕೈಯಲ್ಲಿರೋದು.

4/9

ಈ ಫೋಟೋದಲ್ಲಿರೋ ಕಪ್ಪು ಗಾಡಿ ನಮ್ಮ ಕಾಕಾಂದು. ಆರ್‌ಎಕ್ಸ್ 100. ಎರಡೂ ಕಡೆ ಹಾಲಿನ ಕ್ಯಾನ್ ಕಟ್ಟೋ ಕೊಕ್ಕೆ ಕಾಣ್ತದಲ್ಲ, ಅದು ಶೋಕಿಗೆ ಅಲ್ಲ. ದಿನಾ ಮುಂಜಾನೆ ಐದಕ್ಕೆ ಹಾಲು ಡೇರಿಗೆ ಮುಟ್ಟೋದು ಇದರ ಮೇಲೇ.

ನಮ್ಮ ಊರು ಸದಲಗಾ ಹತ್ತಿರ, ದೂಧಗಂಗಾ ನದಿ ಬದಿಗೆ. 2019ರ ಆಗಸ್ಟ್ ಮಹಾಪೂರ ಈ ಕಡೆಯವರು ಯಾರೂ ಮರೆಯೋದಿಲ್ಲ. ಕೃಷ್ಣಾ, ದೂಧಗಂಗಾ, ವೇದಗಂಗಾ ಎಲ್ಲಾ ಒಟ್ಟಿಗೆ ಏರಿದವು. ದನ ಹೊಡಕೊಂಡು, ಮುದುಕರನ್ನ ಕರಕೊಂಡು ಹೊರಬಿದ್ದೆವು. ಗಾಡಿ ಕೊಟ್ಟಿಗೆಯಲ್ಲೇ ಉಳೀತು. ನೀರು ಇಳಿದು ಒಳಗೆ ಹೋಗೋ ಹೊತ್ತಿಗೆ ಹ್ಯಾಂಡಲ್ ತನಕ ಕೆಸರು.

ಒಂದು ಗ್ಯಾರೇಜಿನಲ್ಲಿ ಎಂಜಿನ್ ತೊಳೆದು, 0.25 ಬೋರ್ ಹೊಡೆದು, ಶುರು ಮಾಡಿ ಕೊಟ್ರು. ಗಾಡಿ ಓಡ್ತು, ಕಾಕಾ ಖುಷಿ. ಮರುವರ್ಷ ಬೇಸಿಗೆಯಲ್ಲಿ ಜಾಮ್ ಆಯ್ತು. 0.50 ಹಾಕಿದ್ರು. "ಆಯಿಲ್ ಕಡಿಮೆ ಹಾಕೀರಿ" ಅಂದ್ರು. ಕಾಕಾ ಆಯಿಲ್ ಹೆಚ್ಚು ಹಾಕಿದ್ರು, ಸೈಲೆನ್ಸರಿನಿಂದ ಎಣ್ಣೆ ತೊಟ್ಟಿಕ್ಕೋ ಅಷ್ಟು. ಮತ್ತೆ ಜಾಮ್. 0.75. ಆಗ "ಜೆಟ್ ದೊಡ್ಡದು ಹಾಕೇವಿ, ಇನ್ನ ಚಿಂತಿಲ್ಲ" ಅಂದ್ರು. ಮೂರನೇ ಸಲ ಜಾಮ್ ಆಗಿದ್ದು ತವಂದಿ ಘಾಟಿನಲ್ಲಿ, ಹಿಂದೆ ಟ್ರಕ್ ಬರ್ತಿತ್ತು. ಕ್ಲಚ್ ಹಿಡಿದಿದ್ರಿಂದ ಬಚಾವ್. ಮನೆಯಲ್ಲಿ ಆ ದಿನ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಕಾಕೂ ಅಂದಳು, "ಭಂಗಾರಕ್ಕ ಹಾಕ್ರಿ ಅದನ್ನ. ಜೀವಕ್ಕಿಂತ ದೊಡ್ಡದಾ ಗಾಡಿ?"

ಕಾಕಾ ಅವತ್ತು ಏನೂ ಮಾತಾಡಲಿಲ್ಲ. ಮರುದಿನ ನನ್ನ ಕರೆದು ಹೇಳಿದ್ದು ಇಷ್ಟು: "ಇನ್ನ ಒಂದ ಬೋರ್ ಉಳದೈತಿ. ಅದನ್ನ ಹೊಡಸೋದು ಆಮ್ಯಾಲ. ಮೊದಲ ಯಾಕ ಜಾಮ್ ಆಗಾಕತ್ತೈತಿ ಅನ್ನೋದು ಹುಡುಕು. ಸಿಗಲಿಲ್ಲಂದ್ರ ಕಾಕೂ ಹೇಳಿದಂಗ ಮಾಡೋಣು."

5/9

ಹವಾ ಎಲ್ಲೆಲ್ಲಿಂದ ಒಳಗೆ ಬರಬಹುದು? ಎಂಜಿನ್ ಮುಂದೆ ಕೂತು ಮೇಲಿಂದ ಕೆಳಗೆ ಎಣಿಸ್ರಿ.

ಒಂದು, ಕಾರ್ಬ್ರೇಟರ್ ಮತ್ತು ಬ್ಲಾಕ್ ನಡುವಿನ ರಬ್ಬರ್. ಇದರ ಮೇಲ್ಭಾಗ ಹೊಸದರ ಹಾಗೇ ಕಾಣ್ತದೆ, ಬಿರುಕು ಬಿಡೋದು ಕೆಳಗಡೆ, ಕಣ್ಣಿಗೆ ಬೀಳದ ಜಾಗದಲ್ಲಿ. ಎರಡು, ಆ ರಬ್ಬರಿನ ಕ್ಲ್ಯಾಂಪ್. ಮೂರು, ರೀಡ್ ವಾಲ್ವ್ ಕೂರೋ ಕಡೆಯ ಪ್ಯಾಕಿಂಗ್. ನಾಲ್ಕು, ಬ್ಲಾಕ್ ಕೆಳಗಿನ ಪ್ಯಾಕಿಂಗ್. ಐದು, ಚೇಂಬರಿನ ಎರಡು ಹೋಳು ಸೇರೋ ಜಾಗ. ಆರು, ಮ್ಯಾಗ್ನೆಟ್ ಕಡೆಯ ಕ್ರ್ಯಾಂಕ್ ಆಯಿಲ್ ಸೀಲ್. ಏಳು, ಕ್ಲಚ್ ಕಡೆಯ ಕ್ರ್ಯಾಂಕ್ ಆಯಿಲ್ ಸೀಲ್.

ಕೊನೆಯ ಎರಡರ ವ್ಯತ್ಯಾಸ ಚೆನ್ನಾಗಿ ತಿಳ್ಕೊಳ್ರಿ. ಕ್ಲಚ್ ಕಡೆ ಗೇರ್ ಆಯಿಲ್ ಇರ್ತದೆ. ಆ ಕಡೆ ಸೀಲ್ ಹೋದ್ರೆ ಎಂಜಿನ್ ಗೇರ್ ಆಯಿಲನ್ನೇ ಎಳೆದು ಸುಡ್ತದೆ. ಹೊಗೆ ಜೋರಾಗ್ತದೆ, ವಾಸನೆ ಬದಲಾಗ್ತದೆ, ಗೇರ್ ಆಯಿಲ್ ಮಟ್ಟ ಇಳೀತದೆ, ಪ್ಲಗ್ ಒದ್ದೆ. ಹೊರಗಿಂದ ಗೊತ್ತಾಗ್ತದೆ. ಮ್ಯಾಗ್ನೆಟ್ ಕಡೆ ಒಣ ಜಾಗ. ಆ ಸೀಲ್ ಹೋದ್ರೆ ಬರೀ ಹವಾ ಬರ್ತದೆ. ಹೊಗೆ ಇಲ್ಲ, ಎಣ್ಣೆ ಕಲೆ ಇಲ್ಲ, ಸದ್ದಿಲ್ಲ. ಪಿಸ್ಟನ್ ತಿನ್ನೋ ಕಳ್ಳ ಹೆಚ್ಚಾಗಿ ಇವನೇ.

ಪ್ಲಗ್ ಬಿಚ್ಚಿ ನೋಡ್ರಿ. ಚಹಾ ಬಣ್ಣ ಇದ್ರೆ ನೆಮ್ಮದಿ, ಬಿಳಿ ಸುಣ್ಣದ ಹಾಗಿದ್ರೆ ಅನುಮಾನ. ಆದ್ರೆ ಬರೀ ಪ್ಲಗ್ ನಂಬಿ ತೀರ್ಪು ಕೊಡಬ್ಯಾಡ್ರಿ, ಪೆಟ್ರೋಲ್ ಆಯಿಲ್ ಬದಲಾದ್ರೂ ಬಣ್ಣ ಬದಲಾಗ್ತದೆ. ರೇಸ್ ಇಳೀದೇ ಇದ್ರೆ ಮೊದಲು ಕೇಬಲ್ ನೋಡ್ರಿ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿದಾಗ ರೇಸ್ ಬದಲಾದ್ರೆ ತಪ್ಪು ಕೇಬಲಿನದು. ಕಾರ್ಬ್ರೇಟರಿನ ಸ್ಲೈಡ್ ಸಲೀಸಾಗಿ ಕೆಳಗೆ ಬೀಳ್ತದಾ ಅಂತಾನೂ ನೋಡ್ರಿ. ಇವೆರಡೂ ಸರಿ ಇದ್ದು ರೇಸ್ ಇಳೀದೇ ಇದ್ರೆ ಆಮೇಲೆ ಹವಾದ ಮಾತು.

ಜೆಟ್ ದೊಡ್ಡದು ಮಾಡೋದ್ರ ಬಗ್ಗೆ: ಸೋರಿಕೆ ಎಲ್ಲಾ ರೇಸಿನಲ್ಲೂ ಒಂದೇ ಪ್ರಮಾಣದಲ್ಲಿ ಇರೋದಿಲ್ಲ. ದೊಡ್ಡ ಜೆಟ್ ಒಂದು ಕಡೆ ಸರಿ ಮಾಡಿದ್ರೆ ಇನ್ನೊಂದು ಕಡೆ ಕೆಡಿಸ್ತದೆ. ಜ್ವರ ಬಂದವನಿಗೆ ಫ್ಯಾನ್ ಹಚ್ಚಿದಂಗ ಅದು.

6/9

ಗಾಡಿ ಬಿಚ್ಚದೇ ಮಾಡೋ ಪರೀಕ್ಷೆ ಭಾಳ ಮಂದಿಗೆ ಗೊತ್ತು. ಎಂಜಿನ್ ಸ್ಲೋದಲ್ಲಿ ಓಡ್ತಾ ಇರ್ತದೆ, ಅನುಮಾನ ಇರೋ ಜಾಗಕ್ಕೆ ಕಾರ್ಬ್ರೇಟರ್ ತೊಳೆಯೋ ಸ್ಪ್ರೇ ಹೊಡೀತಾರೆ. ಅಲ್ಲಿ ಸಂದಿ ಇದ್ರೆ ಎಂಜಿನ್ ಸ್ಪ್ರೇ ಎಳೆದುಕೊಂಡು ಸದ್ದು ಬದಲಿಸ್ತದೆ.

ಕೆಲಸ ಮಾಡ್ತದೆ ನಿಜ. ಆದ್ರೆ ಅದು ಉರಿಯೋ ವಸ್ತು. ಬಿಸಿ ಬ್ಲಾಕ್, ಸೈಲೆನ್ಸರ್, ಪ್ಲಗ್ ಕ್ಯಾಪಿನ ಕಿಡಿ, ಎಲ್ಲಾ ಒಂದು ಗೇಣಿನೊಳಗೆ. ಕೊಟ್ಟಿಗೆಯಲ್ಲಿ, ಮೇವಿನ ಬಣವೆ ಹತ್ತಿರ, ರವದಿ ಬಿದ್ದಿರೋ ಹೊಲದಲ್ಲಿ ಈ ಕೆಲಸ ಮಾಡಲೇಬ್ಯಾಡ್ರಿ. ಬೀಡಿ ಹಚ್ಚಿಕೊಂಡು ನೋಡೋಕೆ ಬರೋ ದೊಡ್ಡಪ್ಪಂದಿರನ್ನ ದೂರ ಕೂರಿಸ್ರಿ. ಸ್ಪ್ರೇ ಬದಲು ಪಿಚಕಾರಿ ಬಾಟಲಿಯಲ್ಲಿ ಬರೀ ನೀರು ಹೊಡೆದು ನೋಡಬಹುದು. ದೊಡ್ಡ ಸಂದಿ ಇದ್ರೆ ನೀರಿಗೂ ಸದ್ದು ಬದಲಾಗ್ತದೆ, ಬೆಂಕಿಯ ಭಯ ಇಲ್ಲ.

ಈ ಪರೀಕ್ಷೆಗೆ ಒಂದು ಮಿತಿ ಇದೆ. ಹೊರಗೆ ಕಾಣೋ ರಬ್ಬರ್, ಪ್ಯಾಕಿಂಗ್ ಮಾತ್ರ ಗೊತ್ತಾಗ್ತದೆ. ಕ್ಲಚ್ ಕಡೆ ಸೀಲಿಗೆ ಸ್ಪ್ರೇ ಮುಟ್ಟೋದೇ ಇಲ್ಲ. ಮ್ಯಾಗ್ನೆಟ್ ಕಡೆ ಹೊಡೀಬ್ಯಾಡ್ರಿ, ಅಲ್ಲಿ ತಿರುಗೋ ಮ್ಯಾಗ್ನೆಟ್ಟೂ ಇದೆ, ಕರೆಂಟೂ ಇದೆ.

ಒಂದು ತುರ್ತು ಮಾತು. ಸೋರಿಕೆ ದೊಡ್ಡದಿದ್ರೆ ಎಂಜಿನ್ ಒಮ್ಮೊಮ್ಮೆ ಕೈ ಮೀರ್ತದೆ. ರೇಸ್ ಬಿಟ್ರೂ ಚೀರ್ತಾ ಏರ್ತಾನೇ ಹೋಗ್ತದೆ. ಗಾಬರಿ ಆಗಬ್ಯಾಡ್ರಿ. ಮೊದಲು ಕೀ ಬಂದ್ ಮಾಡ್ರಿ. ನಿಲ್ಲಲಿಲ್ಲ ಅಂದ್ರೆ ಗಾಡಿ ನಿಂತ ಜಾಗದಲ್ಲೇ ಮೇಲಿನ ಗೇರಿಗೆ ಹಾಕಿ, ಎರಡೂ ಬ್ರೇಕ್ ಗಟ್ಟಿ ಹಿಡಿದು, ಕ್ಲಚ್ ಬಿಡ್ರಿ. ಎಂಜಿನ್ ಉಸಿರುಗಟ್ಟಿ ನಿಲ್ತದೆ. ಓಡೋವಾಗ ಜಾಮ್ ಆಯ್ತು ಅನಿಸಿದ ಕೂಡಲೇ ಕ್ಲಚ್ ಹಿಡೀರಿ. ಹಳೇ ಟೂ-ಸ್ಟ್ರೋಕ್ ಓಡಿಸೋರು ಎರಡು ಬೆರಳು ಯಾವಾಗಲೂ ಕ್ಲಚ್ ಮೇಲೆ ಇಟ್ಕೊಂಡಿರ್ತಾರಲ್ಲ, ಅದು ಸ್ಟೈಲ್ ಅಲ್ಲ.

7/9

ಈ ಫೋಟೋ ನೋಡಿ ನಗಬ್ಯಾಡ್ರಿ. ಹೌದು, ಅದು ಡಾಕ್ಟರ್ ಬಿಪಿ ನೋಡೋ ಮಷಿನ್.

ಟೂ-ಸ್ಟ್ರೋಕ್ ಎಂಜಿನಿನ ಸರಿಯಾದ ಪರೀಕ್ಷೆ ಅಂದ್ರೆ ಎಲ್ಲಾ ಬಾಯಿ ಮುಚ್ಚಿ, ಒಳಗೆ ಸುಮಾರು 6 ಪಿಎಸ್‌ಐ ಹವಾ ತುಂಬಿ, ಆರು ನಿಮಿಷ ಕಾಯೋದು. ನಿಮಿಷಕ್ಕೆ 1 ಪಿಎಸ್‌ಐಗಿಂತ ಹೆಚ್ಚು ಇಳೀಬಾರದು. ಚಲೋ ಎಂಜಿನಿನಲ್ಲಿ ಮುಳ್ಳು ಹೆಚ್ಚುಕಡಿಮೆ ಅಲ್ಲೇ ನಿಲ್ತದೆ. ಇಷ್ಟು ಸಣ್ಣ ಒತ್ತಡ ಅಳೆಯೋ ಮೀಟರ್ ಪಂಕ್ಚರ್ ಅಂಗಡಿಯಲ್ಲಿ ಸಿಗೋದಿಲ್ಲ. ಬಿಪಿ ಮಷಿನಿನ ಡಯಲ್ 300 ಮಿಲಿಮೀಟರ್ ಪಾದರಸದ ತನಕ ಇರ್ತದೆ. ಲೆಕ್ಕ ಹಾಕಿದ್ರೆ 300 ಅಂದ್ರೆ 5.8 ಪಿಎಸ್‌ಐ. ನಮಗೆ ಬೇಕಾದಷ್ಟೇ! ಒತ್ತೋ ರಬ್ಬರ್ ಗುಂಡು, ಪೈಪು, ಡಯಲ್ ಎಲ್ಲಾ ಒಂದೇ ಕಡೆ. ನಮ್ಮ ಮೌಶಿ ನರ್ಸ್. ಅವಳ ಹತ್ತಿರ ಪಟ್ಟಿ ಹರಿದು ಮೂಲೆಗೆ ಬಿದ್ದಿದ್ದ ಒಂದು ಹಳೇದಿತ್ತು.

ಮಾಡೋ ರೀತಿ:

ಸೈಲೆನ್ಸರ್ ಬಿಚ್ಚಿ, ಬ್ಲಾಕಿನ ಬಾಯಿಗೆ ಸರಿಯಾಗಿ ಕೂರೋ ರಬ್ಬರ್ ಬೂಚು ಒತ್ತಿ ಬಿಗೀರಿ. ಕಾರ್ಬ್ರೇಟರ್ ಬಿಚ್ಚಿ, ಅದರ ರಬ್ಬರಿನೊಳಗೆ ನಡುವೆ ತೂತಿರೋ ಒಂದು ನೈಲಾನ್ ತುಂಡು ಕೂರಿಸಿ ಕ್ಲ್ಯಾಂಪ್ ಹಾಕ್ರಿ. ನಾವು ಕಾಲೇಜಿನ ಲೇಥ್ ಮೇಲೆ ಕಡೆದ್ವಿ. ಆ ತೂತಿಗೆ ಬಿಪಿ ಪೈಪು. ಹವಾ ಈ ಕಡೆಯಿಂದಲೇ ತುಂಬಬೇಕು, ಆಗ ರಬ್ಬರ್, ರೀಡ್ ವಾಲ್ವ್ ಪ್ಯಾಕಿಂಗ್ ಕೂಡ ಪರೀಕ್ಷೆಗೆ ಸೇರ್ತಾವ. ಟೂ-ಟಿ ಪಂಪಿನ ಪೈಪು ಬರೋ ತೂತು ಇದ್ರೆ ಮುಚ್ರಿ. ಪ್ಲಗ್ ಬಿಗಿಯಾಗಿರಲಿ. ಪಿಸ್ಟನ್ ಪೂರ್ತಿ ಕೆಳಗೆ ತನ್ರಿ, ಆಗ ಮೇಲಿನ ಕೋಣೆ, ಕೆಳಗಿನ ಕೋಣೆ ಒಂದಾಗ್ತಾವ. ಹಾಗಾಗಿ ಬ್ಲಾಕ್ ಗೀರು ಬಿದ್ದಿದ್ರೂ ಈ ಪರೀಕ್ಷೆ ಮಾಡಬಹುದು.

ಎಲ್ಲಕ್ಕಿಂತ ಮೊದಲು ಪೈಪಿನ ತುದಿ ಮುಚ್ಚಿ ಮಷಿನನ್ನೇ ಪರೀಕ್ಷೆ ಮಾಡ್ರಿ. ಅದೇ ಸೋರ್ತಿದ್ರೆ ಎಂಜಿನ್ ಮೇಲೆ ತಪ್ಪು ಹೊರಿಸಿದ ಹಾಗೆ.

ಪಂಕ್ಚರ್ ಅಂಗಡಿಯ ಕಂಪ್ರೆಸರ್ ಮಾತ್ರ ಹಚ್ಚಬ್ಯಾಡ್ರಿ. 10 ಪಿಎಸ್‌ಐ ದಾಟಿದ್ರೆ ಒಳ್ಳೇ ಸೀಲೂ ಜಾಗ ಬಿಟ್ಟು ಹಾರಬಹುದು.

8/9

ಈಗ ಕಾಕಾನ ಗಾಡಿ. ನಾನು, ನನ್ನ ಕ್ಲಾಸ್‌ಮೇಟ್ ಒಬ್ಬ, ಕೊಟ್ಟಿಗೆಯ ಅಂಗಳ, ಒಂದು ತಾಟಿನಲ್ಲಿ ಸಾಬೂನು ನೀರು. ಕಾಕಾ ಕಟ್ಟೆ ಮೇಲೆ ಕೂತು ನೋಡ್ತಿದ್ರು.

ಗುಂಡು ಒತ್ತಿ 300ಕ್ಕೆ ತಂದ್ವಿ. ಇಪ್ಪತ್ತು ಸೆಕೆಂಡಿಗೆ ಮುಳ್ಳು 100ಕ್ಕೆ ಬಂತು. ಬ್ರಷಿನಿಂದ ಸಾಬೂನು ನೀರು ಹಚ್ಚಿದ್ವಿ. ಕಾರ್ಬ್ರೇಟರ್ ರಬ್ಬರಿನ ಕೆಳಗೆ ಬುಡುಬುಡು ಗುಳ್ಳೆ. ಬಿಚ್ಚಿ ಬಾಗಿಸಿ ನೋಡಿದ್ರೆ ಉಗುರಿನ ಉದ್ದದ ಬಿರುಕು. ಕ್ಲಾಸ್‌ಮೇಟ್ ಕುಣಿದ: "ಸಿಕ್ತಲೇ! ಮುಗೀತು!"

ಕಾಕಾ ಕಟ್ಟೆಯಿಂದಲೇ ಅಂದ್ರು, "ಹೊಸಾದು ಹಾಕಿ ಮತ್ತ ತುಂಬ್ರಿ. ಮನ್ಯಾಗ ಒಂದ ಇಲಿ ಸಿಕ್ರ ಒಂದ ಇತ್ತು ಅಂತ ಅಲ್ಲ."

ಹೊಸ ರಬ್ಬರ್ ಹಾಕಿ ಮತ್ತೆ 300. ಈ ಸಲ ಒಂದು ನಿಮಿಷಕ್ಕೆ 200. ನಿಧಾನ, ಆದ್ರೆ ಇಳೀತಾನೇ ಇದೆ. ಕ್ಲಚ್ ಕಡೆಯ ಸೀಲ್ ಕಣ್ಣಿಗೆ ಕಾಣಲ್ಲ, ಅದಕ್ಕೊಂದು ಉಪಾಯ ಇದೆ: ಗೇರ್ ಆಯಿಲ್ ಹಾಕೋ ಬಾಯಿ ತೆರೆದು ಅದರ ಮೇಲೆ ಸಾಬೂನಿನ ಪೊರೆ ಎಳೀರಿ, ಉಸಿರಾಡೋ ಸಣ್ಣ ಪೈಪು ಬೆರಳಿನಿಂದ ಮುಚ್ರಿ. ಸೀಲ್ ಸೋರ್ತಿದ್ರೆ ಪೊರೆ ಉಬ್ಬುತ್ತದೆ. ನಮ್ಮದು ಉಬ್ಬಲಿಲ್ಲ. ಪುಲ್ಲರ್ ಹಾಕಿ ಮ್ಯಾಗ್ನೆಟ್ ಎಳೆದು, ಕಾಯಿಲ್ ಪ್ಲೇಟ್ ತೆಗೆದು, ಕ್ರ್ಯಾಂಕ್ ಸುತ್ತ ಸಾಬೂನು ಹಚ್ಚಿದ್ವಿ. ಸೀಲಿನ ತುಟಿ ಒಂದು ಕಡೆಯಿಂದ ಸಣ್ಣ ಸಣ್ಣ ಗುಳ್ಳೆ, ಸಾಲಾಗಿ, ಮುತ್ತಿನ ಸರದ ಹಾಗೆ ಹೊರಗೆ ಬಂದವು.

ಕಾರಣ ಅಲ್ಲೇ ಕಣ್ಣೆದುರಿಗಿತ್ತು. ಮಹಾಪೂರದ ನೀರಿನಲ್ಲಿ ಎಂಜಿನ್ ಮುಳುಗಿದ್ದಾಗ ಕ್ರ್ಯಾಂಕಿನ ಮೇಲೆ, ಸೀಲ್ ಉಜ್ಜೋ ಜಾಗದಲ್ಲೇ, ತುಕ್ಕು ಹಿಡಿದಿತ್ತು. ಆ ತುಕ್ಕಿನ ಅಂಚು ಉಕ್ಕಿನ ಗರಗಸದ ಹಾಗೆ ಸೀಲಿನ ತುಟಿ ತಿಂದಿತ್ತು. ಮೂರು ಸಲ ಮೇಲಿನ ಬ್ಲಾಕ್ ಬಿಚ್ಚಿದ್ರು, ಮೂರು ಸಲ ಹೊಸ ಪಿಸ್ಟನ್. ಕೆಳಗಿನ ಈ ಸೀಲನ್ನ ಯಾರೂ ಮುಟ್ಟಿರಲೇ ಇಲ್ಲ.

ನಿಪ್ಪಾಣಿಯ ಹಳೇ ಮಿಸ್ತ್ರಿ ಒಬ್ಬರ ಹತ್ತಿರ ಚೇಂಬರ್ ಬಿಚ್ಚಿಸಿದ್ವಿ. ಎರಡೂ ಸೀಲ್, ಎರಡೂ ಬೇರಿಂಗ್ ಹೊಸದು. ತುಕ್ಕಿನ ಪಟ್ಟಿಯನ್ನ ನುಣ್ಣನೆ ಪಾಲಿಶ್ ಪೇಪರಿನಿಂದ ಉಜ್ಜಿ, ಹೊಸ ಸೀಲಿನ ತುಟಿ ಹಳೇ ಗೆರೆ ಬಿಟ್ಟು ಚೊಕ್ಕ ಜಾಗದ ಮೇಲೆ ಕೂರೋ ಹಾಗೆ ಸ್ವಲ್ಪ ಸರಿಸಿ ಕೂರಿಸಿದ್ರು. ಹೋಳು ಸೇರಿಸುವಾಗ ಹಳೇ ಬಾಂಡ್ ಪೂರ್ತಿ ಕೆರೆದು ಹೊಸದು ಹಚ್ಚಿದ್ರು. ಕೊನೆಯ 1.00 ಬೋರ್ ಹೊಡೆದದ್ದು ಇದೆಲ್ಲ ಆದ ಮೇಲೆ.

ಗಾಡಿ ಕಟ್ಟಿ ಮತ್ತೆ ಬಿಪಿ ನೋಡಿದ್ವಿ. 300. ಆರು ನಿಮಿಷ ಆದ ಮೇಲೆ 280. ಮಿಸ್ತ್ರಿ ಅಜ್ಜ ಆ ಡಯಲನ್ನ ಕೈಯಲ್ಲಿ ಹಿಡಿದು ಭಾಳ ಹೊತ್ತು ನೋಡಿದ್ರು. "ಇದು ನನಗ ನಲವತ್ತ ವರ್ಷದ ಹಿಂದ ಸಿಗಬೇಕಿತ್ತು" ಅಂದ್ರು.

9/9

ಆಮೇಲೆ ಗಾಡಿಗೆ ಮತ್ತೆ ಮೊದಲಿನ ಅಳತೆಯ ಜೆಟ್ ಬಂತು, ಆಯಿಲ್ ಅಳತೆಯೂ ಮೊದಲಿನಷ್ಟೇ. ಎರಡು ಮಳೆಗಾಲ ಕಳೆದವು, ಹಾಲು ಡೇರಿಗೆ ಮುಟ್ತಾನೇ ಇದೆ. ಕಾಕೂ ಈಗ ಗಾಡಿ ಬಗ್ಗೆ ಮಾತಾಡೋದಿಲ್ಲ, ಅದೇ ನಮಗೆ ಸರ್ಟಿಫಿಕೇಟ್.

ಈ ಸರಣಿ ಬರೆಯೋಕೆ ಇನ್ನೊಂದು ಕಾರಣ ಇದೆ. ನಮ್ಮ ನದಿ ಬದಿಯ ಊರುಗಳಲ್ಲಿ 2019ರಲ್ಲಿ ಮುಳುಗಿದ ಗಾಡಿ ಕಾಕಾಂದು ಒಂದೇ ಅಲ್ಲ. 2021ರ ಜುಲೈನಲ್ಲಿ ಮತ್ತೆ ನೀರು ಬಂತು. ಕೆಸರು ತೊಳೆದು, ಮೇಲಿನ ಬ್ಲಾಕ್ ಸರಿ ಮಾಡಿಸಿ ಓಡಿಸ್ತಿರೋರು ಇನ್ನೂ ಎಷ್ಟೋ ಜನ ಇರ್ತಾರೆ. ಸ್ಪ್ರೇ ಪಂಪು, ಹುಲ್ಲು ಕತ್ತರಿಸೋ ಮಷಿನ್ ಕೂಡ ನೀರು ಕುಡಿದಿರ್ತಾವ. ಜಾಮ್ ಆದ್ರೆ "ನಿಮ್ಮ ಆಯಿಲ್ ತಪ್ಪು, ನಿಮ್ಮ ಓಡಿಸೋ ರೀತಿ ತಪ್ಪು" ಅನ್ನೋ ಮಾತು ಕೇಳಿ ಸುಮ್ನೆ ರೊಕ್ಕ ಕೊಟ್ಟು ಬರ್ತಾರೆ. ನಿಮ್ಮ ಮನೆಯಲ್ಲಿ ಅಂಥ ಎಂಜಿನ್ ಇದ್ರೆ, ಮುಂದಿನ ಬೋರಿಗೆ ಮೊದಲು ಒಮ್ಮೆ ಹವಾ ತುಂಬಿ ನೋಡ್ರಿ.

ಗ್ಯಾರೇಜಿಗೆ ಹೋದಾಗ ಜಗಳ ಮಾಡಬ್ಯಾಡ್ರಿ. ಮೆಕ್ಯಾನಿಕ್ ಮಾಮಾಗಳು ದಿನಕ್ಕೆ ಹತ್ತು ಗಾಡಿ ನೋಡ್ತಾರೆ, ಆರು ನಿಮಿಷ ಒಂದು ಮುಳ್ಳು ನೋಡ್ತಾ ಕೂರೋಕೆ ಅವರಿಗೆ ಪುರುಸೊತ್ತು ಇರೋದಿಲ್ಲ. ಆ ಆರು ನಿಮಿಷ ನಮ್ಮ ಹತ್ತಿರ ಇದೆ. ಎರಡೇ ಪ್ರಶ್ನೆ ಗೌರವದಿಂದ ಕೇಳ್ರಿ: "ಮಾಮಾ, ಯಾಕ ಜಾಮ್ ಆತು?" "ಕ್ರ್ಯಾಂಕ್ ಸೀಲ್ ನೋಡೀರೇನು?" ಕೇಳಿದ್ರೆ ಒಳ್ಳೇ ಮೆಕ್ಯಾನಿಕ್ ಖುಷಿ ಪಡ್ತಾನೆ.

ಸಣ್ಣ ನೆನಪಿನ ಚೀಟಿ, ಸ್ಕ್ರೀನ್‌ಶಾಟ್ ತಗೊಳ್ರಿ:

ಕೇಬಲ್, ಸ್ಲೈಡ್ ಮೊದಲು ನೋಡಿ.
ಕಾರ್ಬ್ರೇಟರ್ ರಬ್ಬರ್ ಬಿಚ್ಚಿ, ಬಾಗಿಸಿ, ಕೆಳಗಡೆ ನೋಡಿ.
ಹೊಗೆ ಜೋರು, ಗೇರ್ ಆಯಿಲ್ ಕಡಿಮೆ ಅಂದ್ರೆ ಕ್ಲಚ್ ಕಡೆ ಸೀಲ್.
ಹೊಗೆ ಇಲ್ಲದೇ ರೇಸ್ ನಿಲ್ತಿದ್ರೆ ಮ್ಯಾಗ್ನೆಟ್ ಕಡೆ ಸೀಲ್ ಮೇಲೆ ಅನುಮಾನ.
ಒಂದು ಲೀಕ್ ಸಿಕ್ಕ ಮೇಲೂ ಮತ್ತೆ ತುಂಬಿ ನೋಡಿ.
300ಕ್ಕೆ ತುಂಬಿ, ಆರು ನಿಮಿಷ ಕಾಯಿರಿ.
ಘಾಟ್ ಇಳಿಯುವಾಗ ರೇಸ್ ಪೂರ್ತಿ ಮುಚ್ಚಿ ಬಹಳ ಹೊತ್ತು ಬರಬೇಡಿ. ರೇಸ್ ಮುಚ್ಚಿದ್ರೆ ಆಯಿಲೂ ಕಡಿಮೆ ಆಗ್ತದೆ. ನಡುನಡುವೆ ಸ್ವಲ್ಪ ರೇಸ್ ಕೊಡಿ.

ಬಿಪಿ ಮಷಿನ್ ನನ್ನ ಹತ್ತಿರಾನೇ ಇದೆ. ಕ್ಲಾಸಿನವರು ಯಾರಿಗೆ ಬೇಕೋ ಒಯ್ದು ಬಳಸ್ರಿ, ವಾಪಸ್ ಕೊಡ್ರಿ. ಒಯ್ದವರು ಒಂದು ಕೆಲಸ ಮಾಡಬೇಕು: ಯಾವ ಎಂಜಿನ್, ಯಾವ ವರ್ಷದ ಗಾಡಿ, ನೀರಿನಲ್ಲಿ ಮುಳುಗಿತ್ತಾ, ಮುಳ್ಳು ಎಷ್ಟು ಇಳೀತು, ಲೀಕ್ ಎಲ್ಲಿ ಸಿಕ್ತು, ಇಷ್ಟನ್ನ ಅದರ ಜೊತೆ ಇಟ್ಟಿರೋ ನೋಟ್‌ಬುಕ್ಕಿನಲ್ಲಿ ಬರೀಬೇಕು. ಇಲ್ಲಿವರೆಗೆ ಏಳು ಎಂಜಿನ್ ಆಗ್ಯಾವ. ಅದರಲ್ಲಿ ಎರಡು ಸ್ಪ್ರೇ ಪಂಪು.

ಎಂಟನೇದು ಯಾರದು? ಕಾಮೆಂಟ್‌ನಲ್ಲಿ ಬರೀರಿ.

#ಟೂಸ್ಟ್ರೋಕ್ #ಆರ್‌ಎಕ್ಸ್100 #ಚಿಕ್ಕೋಡಿ #ನಿಪ್ಪಾಣಿ #ಗ್ಯಾರೇಜ್‌ಪಾಠ